ಜಮಾ, ಖರ್ಚು, ಶಿಲ್ಕು: ಪಾಲಕ-ಶಿಕ್ಷಕರ ಸಂಘಗಳ ಹಣಕಾಸನ್ನು ಕುರಿತು ಒಂದು ಅಭ್ಯಾಸ

ಬೀದರ ನಗರದಿಂದ ಪೂರ್ವ ದಿಕ್ಕಿಗೆ ಒಂದು ಹರದಾರಿಗೂ ಕಡಿಮೆಯಾದ ದಾರಿಯನ್ನು ನಡೆದರೆ ಅಷ್ಟೂರ ಗ್ರಾಮವು ಸಿಗುವದು. ಅಲ್ಲಿಯ ಬಹಮನಿ ಸುಲ್ತಾನರ ಗೋರಿಗಳನ್ನು ಕಾಣದ ವಿದ್ಯಾರ್ಥಿನಿಯು ನಮ್ಮ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಆದರೆ ಆ ಗೋರಿಗಳ ಸಾಲನ್ನು ಒಂದು ಲೆಕ್ಕದ ಪುಸ್ತಕದಂತೆ ಓದಬಹುದೆಂಬುದು ಎಲ್ಲರ ಗಮನಕ್ಕೆ ಬಂದಿರಲಿಕ್ಕಿಲ್ಲ. 1436ರಲ್ಲಿ ಕಾಲವಾದ ಅಹಮದಶಾಹ ವಲಿಯ ಗೋರಿಯು ಎತ್ತರವಾದ ಗುಮ್ಮಟವುಳ್ಳದ್ದು. ಅದರ ಒಳಗೋಡೆಗಳು ಬಣ್ಣದಿಂದಲೂ ಬಂಗಾರದಿಂದಲೂ ಚಿತ್ರಿತವಾಗಿವೆ. ಅವನ ಮಗನಾದ ಅಲಾಉದ್ದೀನನ ಗೋರಿಗೆ ಬಣ್ಣದ ಹೆಂಚುಗಳ ಅಲಂಕಾರವುಂಟು. ಹಾಗೆಯೇ ಸಾಲಿನ ಕೊನೆಯ ಅರಸರ ಕಡೆಗೆ ಬಂದರೆ, ಅಧಿಕಾರವೆಲ್ಲ ಬರೀದ ಮಂತ್ರಿಗಳ ಕೈಸೇರಿದ ಮೇಲೆ ಬರೀ ಹೆಸರಿಗೆ ಸುಲ್ತಾನರಾಗಿದ್ದವರ ಗೋರಿಗಳು ಚಿಕ್ಕವೂ ಅಲಂಕಾರವಿಲ್ಲದವೂ ಆಗಿರುವದನ್ನು ಕಾಣುತ್ತೇವೆ. ಖಜಾನೆಯು ಬರಿದಾದ ಕಥೆಯನ್ನು ಕಲ್ಲುಗಳೇ ಬರೆದಿಟ್ಟಿವೆ.

ಇದರ ಪಕ್ಕದಲ್ಲಿಯೇ ಇನ್ನೊಂದು ಸಂಗತಿಯನ್ನು ನೋಡಬೇಕು. ಅದೇ ಅಹಮದಶಾಹ ವಲಿಯ ಗೋರಿಯಲ್ಲಿ ಪ್ರತಿವರ್ಷವೂ ಉರುಸು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬಂದು ಅದರಲ್ಲಿ ಅಗ್ರಸ್ಥಾನವನ್ನು ವಹಿಸುತ್ತಾರೆ. ಹಿಂದುಗಳೂ ಮುಸಲ್ಮಾನರೂ ಕೂಡಿ ಬರುತ್ತಾರೆ. ಅರಸರ ಬೊಕ್ಕಸವು ಹೋಗಿ ಐದು ಶತಮಾನಗಳಾಗುತ್ತ ಬಂದರೂ, ಊಟದ ಬುತ್ತಿಯನ್ನು ಕಟ್ಟಿಕೊಂಡು ಬರುವ ಸಾಮಾನ್ಯ ಜನರ ಕಾಯಿ-ಹೂವುಗಳ ಕಾಣಿಕೆಯು ನಿಂತಿಲ್ಲ. ದೊಡ್ಡ ಹಣವು ನಿಂತುಹೋಗಿ ಸಣ್ಣ ಹಣವು ನಡೆದುಬಂದದ್ದು ಹೇಗೆ? ನಾವು ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವ ವಿಷಯವು, ಅರಸರದಲ್ಲದಿದ್ದರೂ, ಇದೇ ಜಾತಿಯದು. ಶಾಲೆಗಳನ್ನು ಹೊಂದಿಕೊಂಡಿರುವ ಪಾಲಕ-ಶಿಕ್ಷಕರ ಚಿಕ್ಕ ಸಂಘಗಳ ಹಣವು ವರ್ಷದಿಂದ ವರ್ಷಕ್ಕೆ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ, ಏನು ಉಳಿಯುತ್ತದೆ ಎಂಬುದು.

ಇದು ಗಂಡಸರ ವಿಷಯವೆಂದು ಹೇಳಿ ಪುಟವನ್ನು ತಿರುವಿ ಹಾಕುವ ಹಳೆಯ ವಿದ್ಯಾರ್ಥಿನಿಯರು ಇದ್ದರೆ, ಅವರು ದಯಮಾಡಿ ತಾಳಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ತಾಯಿತಂದೆಗಳೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಸ್ತ್ರೀಯರಿರಬೇಕು. ನಮ್ಮ ಶಾಲೆಯಲ್ಲಿ ಕಲಿತು ಊರೂರುಗಳಿಗೆ ಸೊಸೆಯರಾಗಿ ಹೋದವರು ಇಂಥ ಸಮಿತಿಯಲ್ಲಿ ಕುಳಿತುಕೊಳ್ಳುವ ಪ್ರಸಂಗವು ಬಂದೇ ಬರುವದು. ಆಗ ಖಿರ್ದಿಯನ್ನು ಓದಲು ತಿಳಿದಿರದೆ ಸಹಿ ಮಾತ್ರ ಹಾಕಿ ಬರುವದು ಓದು ಕಲಿತವರಿಗೆ ಶೋಭಿಸದು.

ಮೊದಲು ಹಿಂದಿನ ಕಾಲದ ಸಂಗತಿಯನ್ನು ನೋಡೋಣ. ನಮ್ಮ ಜಿಲ್ಲೆಯು 1948ರ ಸಪ್ಟಂಬರದ ವರೆಗೆ ನಿಜಾಮರ ಆಳಿಕೆಯಲ್ಲಿಯೂ, 1956ರ ವರೆಗೆ ಹೈದರಾಬಾದ ರಾಜ್ಯದಲ್ಲಿಯೂ ಇತ್ತು. ನಿಜಾಮರ ಕಾಲದ ಸರಕಾರಿ ಶಾಲೆಗಳಲ್ಲಿ ಉರ್ದು ಭಾಷೆಯೇ ಪ್ರಧಾನವಾಗಿದ್ದುದರಿಂದ, ಕನ್ನಡವನ್ನು ಕಲಿಸುವ ಶಾಲೆಯನ್ನು ಬೇಡುವವರು ಬಹುಮಟ್ಟಿಗೆ ತಮ್ಮ ಕೈಯಿಂದಲೇ ಅದನ್ನು ಸಾಗಿಸಬೇಕಾಗಿತ್ತು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಎಲ್ಲರಿಗೂ ಗೊತ್ತು. ಆ ಫಲಕದ ಕಥೆಯನ್ನು ಹೇಳುವವರು ಅವರ ಜೋಳಿಗೆಯ ಕಥೆಯನ್ನು ಅಷ್ಟಾಗಿ ಹೇಳುವದಿಲ್ಲ. ಮನೆಮನೆಗೆ ಹೋಗಿ ಭಿಕ್ಷೆಯನ್ನು ಬೇಡಿ ತಂದ ಕಾಳುಕಡಿಗಳಿಂದಲೇ ಮಕ್ಕಳ ಊಟವೂ ಪಾಠವೂ ನಡೆದವು.

ಆ ಕಾಲದ ಲೆಕ್ಕವನ್ನು ಇಡುವದೂ ಸುಲಭವಾಗಿರಲಿಲ್ಲ. ಊರಲ್ಲಿ ನಡೆಯುವದು ನಿಜಾಮರ ಹಾಲಿ ಸಿಕ್ಕಾ. ಗಡಿಯ ಆಚೆಯಿಂದ ಪುಸ್ತಕಗಳನ್ನು ತರಿಸಬೇಕಾದರೆ ಕಲ್ದಾರ ರೂಪಾಯಿ. 7 ಹಾಲಿ ರೂಪಾಯಿಗಳಿಗೆ 6 ಕಲ್ದಾರ ರೂಪಾಯಿಗಳೆಂಬ ಲೆಕ್ಕವಿತ್ತು. ಕಾಗದಪತ್ರಗಳ ಮೇಲೆ ಬರೆಯುವದು ಫಸಲಿ ವರ್ಷ. ಮುಂದೆ 1950ರ ದಶಕದಲ್ಲಿ ಹಾಲಿ ಸಿಕ್ಕಾ ಹೋಯಿತು. 1957ರ ಎಪ್ರಿಲ 1ರಿಂದ ಹದಿನಾರು ಆಣೆಯ ರೂಪಾಯಿಯು ನೂರು ನಯಾಪೈಸೆಯ ರೂಪಾಯಿಯಾಯಿತು. ಹತ್ತೇ ವರ್ಷಗಳ ಒಳಗೆ ಒಂದೇ ಖಿರ್ದಿಯಲ್ಲಿ ಮೂರು ಬಗೆಯ ನಾಣ್ಯಗಳನ್ನು ಬರೆಯಬೇಕಾಗಿ ಬಂದ ಕಾರಕೂನರ ಪಾಡನ್ನು ನೆನೆದರೆ ಈಗಿನ ನಮ್ಮ ಕಷ್ಟಗಳು ಹಗುರಾಗಿ ತೋರುವವು.

ಸಣ್ಣ ಹಣದ ಶಕ್ತಿಗೆ ನೆರೆಯ ಮರಾಠಿ ಸೀಮೆಯಲ್ಲಿ ಒಂದು ಒಳ್ಳೆಯ ದೃಷ್ಟಾಂತವಿದೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದ ಭಾವೂರಾವ ಪಾಟೀಲರು ಮುಷ್ಟಿಫಂಡ ಎಂಬ ಕ್ರಮವನ್ನು ನಡೆಸಿದರು. ಮನೆಯ ಹೆಂಗಸು ಬೀಸುವದಕ್ಕೆ ಕುಳಿತಾಗ ಒಂದು ಮುಷ್ಟಿ ಧಾನ್ಯವನ್ನು ಬೇರೆ ತೆಗೆದಿಡುವದು. ಕೂಡಿದ ಧಾನ್ಯವು ವಿದ್ಯಾರ್ಥಿಗಳ ವಸತಿಗೃಹಕ್ಕೆ ಹೋಗುವದು. ಇದರಲ್ಲಿ ಮೂರು ಗುಣಗಳನ್ನು ನಾವು ಕಾಣುತ್ತೇವೆ: ಕೊಡುವವಳಿಗೆ ಭಾರವಿಲ್ಲ, ಬೇಡುವವನಿಗೆ ನಾಚಿಕೆಯಿಲ್ಲ, ಬೆಳೆ ಬಂದ ಮನೆಯಲ್ಲಿ ಮಾತ್ರ ಮುಷ್ಟಿ ತುಂಬುತ್ತದೆ. ಅಮೇರಿಕ ದೇಶದಲ್ಲಿ 1897ರಲ್ಲಿ ತಾಯಂದಿರ ಮಹಾಸಭೆಯೆಂದು ಆರಂಭವಾಗಿ ಪಾಲಕ-ಶಿಕ್ಷಕರ ಸಂಘವಾಗಿ ಬೆಳೆದ ದೊಡ್ಡ ಸಂಸ್ಥೆಯೂ ಸದಸ್ಯರ ಅಲ್ಪ ವರ್ಗಣಿಯ ಮೇಲೆಯೇ ನಿಂತದ್ದು. ಅದರ ಸದಸ್ಯರ ಸಂಖ್ಯೆಯು 1960ರ ದಶಕದ ಆದಿಯಲ್ಲಿ ಸುಮಾರು 1 ಕೋಟಿ 20 ಲಕ್ಷಕ್ಕೆ ಏರಿ, ಎರಡು ದಶಕಗಳಲ್ಲಿ ಅದರ ಅರ್ಧಕ್ಕೂ ಕೆಳಗೆ ಇಳಿಯಿತು. ಅಷ್ಟು ದೊಡ್ಡ ಸಂಘಕ್ಕೂ ವರ್ಗಣಿಯು ನಿತ್ಯದ ಆಸ್ತಿಯಲ್ಲವೆಂಬುದು ಇದರಿಂದ ತಿಳಿಯುವದು.

ಇನ್ನು ಈ ಕಾಲದ ಸರಕಾರಿ ಶಾಲೆಯ ಕಡೆಗೆ ಬರೋಣ. ಕರ್ನಾಟಕ ಸರಕಾರವು 2001ರ ಎಪ್ರಿಲದಲ್ಲಿ ಹೊರಡಿಸಿದ ಆಜ್ಞೆಯಿಂದ ಪ್ರತಿಯೊಂದು ಸರಕಾರಿ ಶಾಲೆಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಬಂದಿತು. ಪಾಲಕರೇ ಅದರ ಸದಸ್ಯರು. ಅಧ್ಯಕ್ಷರೂ ಮುಖ್ಯೋಪಾಧ್ಯಾಯರೂ ಕೂಡಿ ಸಹಿ ಮಾಡಿದ ಹೊರತು ಬ್ಯಾಂಕಿನಿಂದ ಹಣವು ಹೊರಡದು. ಅದೇ ಸಮಯದಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನದ ಮೊದಲ ನಿಯಮಗಳ ಪ್ರಕಾರ ಶಾಲೆಯೊಂದಕ್ಕೆ ವರ್ಷಕ್ಕೆ 2,000 ರೂಪಾಯಿ, ಶಿಕ್ಷಕರೊಬ್ಬರಿಗೆ ಪಾಠೋಪಕರಣಗಳಿಗಾಗಿ 500 ರೂಪಾಯಿ, ಕಟ್ಟಡದ ದುರಸ್ತಿಗೆ 5,000 ರೂಪಾಯಿಯ ವರೆಗೆ ಅನುದಾನವು ದೊರೆಯುತ್ತಿತ್ತು. ಶಾಲೆಯ ಅನುದಾನವು ಮುಂದೆ ಕಿರಿಯ ಪ್ರಾಥಮಿಕಕ್ಕೆ 5,000 ಮತ್ತು ಹಿರಿಯ ಪ್ರಾಥಮಿಕಕ್ಕೆ 7,000 ಆಯಿತು. ಶಿಕ್ಷಕರ 500 ರೂಪಾಯಿ ಮಾತ್ರ ಹಲವು ವರ್ಷ 500ರಲ್ಲಿಯೇ ನಿಂತಿತು. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಅಂದರೆ ಅಂಕಿಯು ಬದಲಾಗದೆ ಇದ್ದರೂ ಹಣವು ಅರ್ಧವಾಗುತ್ತದೆ. ಒಂದೇ ವರ್ಷದ ಲೆಕ್ಕವನ್ನು ನೋಡುವವರಿಗೆ ಈ ಕಳವು ಕಾಣುವದೇ ಇಲ್ಲ; ಹನ್ನೆರಡು ವರ್ಷದ ಪುಟಗಳನ್ನು ಒಟ್ಟಿಗೆ ತೆರೆದಾಗ ಮಾತ್ರ ಕಾಣುವದು.

2018ರಲ್ಲಿ ಸಮಗ್ರ ಶಿಕ್ಷಣ ಯೋಜನೆಯು ಬಂದ ಮೇಲೆ ಈ ಬಿಡಿ ಅನುದಾನಗಳ ಬದಲಿಗೆ ಮಕ್ಕಳ ಸಂಖ್ಯೆಯನ್ನು ನೋಡಿ ಒಂದೇ ಸಂಯುಕ್ತ ಅನುದಾನವನ್ನು ಕೊಡುವ ಕ್ರಮವಾಯಿತು. 2021ರಲ್ಲಿ ತಿದ್ದಿದ ಕೇಂದ್ರದ ನಿಯಮಗಳಲ್ಲಿ 30 ಮಕ್ಕಳ ವರೆಗಿನ ಶಾಲೆಗೆ 10,000, ಆ ಮೇಲೆ 100ರ ವರೆಗೆ 25,000, 250ರ ವರೆಗೆ 50,000, 1,000ದ ವರೆಗೆ 75,000 ರೂಪಾಯಿಗಳೆಂದು ಗೊತ್ತುಮಾಡಿದ್ದಾರೆ. ಇದರಲ್ಲಿ ಹತ್ತನೆಯ ಒಂದು ಪಾಲಾದರೂ ಶುಚಿತ್ವದ ಕೆಲಸಕ್ಕೆ ಹೋಗಬೇಕು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಂದರೆ ಅದು ಈ ಬಾಬಿನಿಂದ ಬರಬೇಕು.

ಈ ಅಂಕಿಗಳನ್ನು ವಾಚಕರು ಸ್ವಲ್ಪ ನಿಧಾನವಾಗಿ ನೋಡಬೇಕು. ಅಷ್ಟೂರಿನಂಥ ಒಂದು ಗ್ರಾಮದಲ್ಲಿ 103 ಮಕ್ಕಳ ಶಾಲೆಯಿದೆ ಎಂದು ಉದಾಹರಣೆಗಾಗಿ ಭಾವಿಸೋಣ. ಅದಕ್ಕೆ ನಿಯಮದಂತೆ 50,000 ರೂಪಾಯಿ. ಆ ವರ್ಷ ಮಳೆ ತಪ್ಪಿ, ಎರಡು ಕುಟುಂಬಗಳು ಕೂಲಿಗಾಗಿ ಹೈದರಾಬಾದಿಗೆ ಹೋದವು. ಅವುಗಳೊಂದಿಗೆ ಇಬ್ಬರು ಮಕ್ಕಳು ಹೋದರು. ಏಳನೆಯ ಇಯತ್ತೆಯ ಒಬ್ಬ ಹುಡುಗಿಯನ್ನು, ತಂಗಿಯನ್ನು ನೋಡಿಕೊಳ್ಳಲೆಂದು ಮನೆಯಲ್ಲಿ ನಿಲ್ಲಿಸಿದರು. ಈಗ ಹಾಜರಿ ಪುಸ್ತಕದಲ್ಲಿ 100 ಹೆಸರು ಉಳಿಯಿತು. ಅನುದಾನವು 25,000ಕ್ಕೆ ಇಳಿಯಿತು. ಮೂವರು ಮಕ್ಕಳು ಹೋದದ್ದರಿಂದ ಉಳಿದ ನೂರು ಮಕ್ಕಳ ಸುಣ್ಣ, ಸೀಮೆಸುಣ್ಣ, ಬೀಗ, ಕಿಟಕಿಗಳಿಗಾಗಿ ಇದ್ದ ಹಣದಲ್ಲಿ ಅರ್ಧವು ಹೋಯಿತು. ಶಾಲೆಯ ಛಾವಣಿಯು ಮಕ್ಕಳ ಸಂಖ್ಯೆಯನ್ನು ನೋಡಿ ಸೋರುವದಿಲ್ಲ. ಆದ ಕಾರಣ ಸಂಘದ ಜಮಾ ಬಾಬಿನಲ್ಲಿ ಮೊದಲನೆಯದು ದಾನಿಗಳ ಪಟ್ಟಿಯಲ್ಲ, ಹಾಜರಿಯ ಪಟ್ಟಿಯೆಂದು ನಾವು ಹೇಳುತ್ತೇವೆ. ಆ ಒಬ್ಬ ಹುಡುಗಿಯ ಮನೆಗೆ ಸಮಿತಿಯ ತಾಯಂದಿರಿಬ್ಬರು ಎರಡು ಸಲ ಹೋಗಿ ಬಂದಿದ್ದರೆ, ಸಂಖ್ಯೆಯು 101 ಆಗಿ ಉಳಿಯುತ್ತಿತ್ತು. ಹುಡುಗಿಯ ವಿದ್ಯೆಯೂ ಉಳಿಯುತ್ತಿತ್ತು.

ಸರಕಾರದ ಈ ಹಣಕ್ಕೆ ಇನ್ನೊಂದು ಸ್ವಭಾವವಿದೆ. ಮೊದಲು ಅನುದಾನವು ಸಮಿತಿಯ ಖಾತೆಗೆ ಬಂದು ಬೀಳುತ್ತಿತ್ತು. ಖರ್ಚಾಗುವ ತನಕ ಅಲ್ಲಿಯೇ ಇರುತ್ತಿತ್ತು. 2021ರಲ್ಲಿ ಕೇಂದ್ರದ ಹಣಕಾಸಿನ ಇಲಾಖೆಯು ಕ್ರಮವನ್ನು ಬದಲಾಯಿಸಿತು. ಪ್ರತಿ ಯೋಜನೆಗೆ ರಾಜ್ಯದಲ್ಲಿ ಒಂದೇ ಮುಖ್ಯ ಖಾತೆ; ಕೆಳಗಿನವರಿಗೆ ಶಿಲ್ಕು ಇಲ್ಲದ ಉಪಖಾತೆಗಳು; ಇಷ್ಟರ ವರೆಗೆ ತೆಗೆಯಬಹುದೆಂಬ ಮಿತಿ ಮಾತ್ರ ಅವರದು. ಸರಕಾರದ ಹಣವು ಎಲ್ಲೆಲ್ಲಿಯೋ ಮಲಗಿರಬಾರದೆಂಬುದು ಇದರ ಉದ್ದೇಶ. ಅದು ತಪ್ಪೆಂದು ನಾವು ಹೇಳಲಾರೆವು. ಆದರೆ ಶಾಲೆಯ ದೃಷ್ಟಿಯಿಂದ ನೋಡಿದರೆ, ಮಾರ್ಚ 31ಕ್ಕೆ ಖರ್ಚಾಗದೆ ಉಳಿದ ಮಿತಿಯು ಕೈಯಲ್ಲಿ ಉಳಿಯುವದಿಲ್ಲ. ಸಮಿತಿಯ ಅವಧಿಯು ಮೂರು ವರ್ಷ. ಹೊಸ ಅಧ್ಯಕ್ಷರು ಬಂದು, ಅವರ ಸಹಿಯು ಬ್ಯಾಂಕಿನಲ್ಲಿ ನೊಂದಣಿಯಾಗುವಷ್ಟರಲ್ಲಿ ವಾರಗಳೋ ತಿಂಗಳುಗಳೋ ಕಳೆದರೆ, ಆ ವರ್ಷದ ಸುಣ್ಣವು ಆ ವರ್ಷ ಗೋಡೆಗೆ ಹತ್ತದೆ ಹೋಗಬಹುದು. ಮಾರ್ಚ ತಿಂಗಳ ಕಡೆಯ ವಾರದಲ್ಲಿ ಬೇಡವಾದ ಸಾಮಾನುಗಳನ್ನು ಅವಸರದಿಂದ ಕೊಳ್ಳುವ ಶಾಲೆಗಳನ್ನು ಕಂಡು ನಗುವವರು ಈ ಕಾರಣವನ್ನೂ ತಿಳಿದಿರಬೇಕು.

ಹೀಗೆ ಸರಕಾರದ ಚೀಲಕ್ಕೆ ನೆನಪಿಲ್ಲ. ಪ್ರತಿ ಎಪ್ರಿಲದಲ್ಲಿ ಅದು ಹೊಸದಾಗಿ ಹುಟ್ಟುತ್ತದೆ. ಆದ್ದರಿಂದ ಪಾಲಕರ ವರ್ಗಣಿ, ಹಳೆಯ ವಿದ್ಯಾರ್ಥಿನಿಯರ ಕಾಣಿಕೆ ಮುಂತಾದ ಸಂಘದ ಸ್ವಂತ ಹಣವನ್ನು ಇದರೊಂದಿಗೆ ಎಂದಿಗೂ ಬೆರೆಸಬಾರದು. ಅದಕ್ಕೆ ಬೇರೆ ಖಾತೆ, ಬೇರೆ ಖಿರ್ದಿ, ಬೇರೆ ಪಾವತಿ ಪುಸ್ತಕವಿರಬೇಕು. ಆ ಎರಡನೆಯ ಚೀಲದಲ್ಲಿಯೇ ವರ್ಷದಿಂದ ವರ್ಷಕ್ಕೆ ದಾಟುವ ಶಿಲ್ಕು ಇರಲು ಸಾಧ್ಯ. ಶಿಲ್ಕು ಎಂದರೆ ಖರ್ಚುಮಾಡಲು ಬಾರದವರ ಆಲಸ್ಯವೆಂದು ಕೆಲವರು ಎಣಿಸುತ್ತಾರೆ. ಅನುದಾನವು ತಡವಾದ ಆರು ತಿಂಗಳು ಶಾಲೆಯ ನಿತ್ಯದ ಖರ್ಚನ್ನು ಸಾಗಿಸುವಷ್ಟು ಶಿಲ್ಕು ಇದ್ದ ಸಂಘವು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ ಎಂಬುದು ಅವರಿಗೆ ತೋಚುವದಿಲ್ಲ.

ಉದಾಹರಣೆಗೆ 60 ಮನೆಗಳ ಒಂದು ಸಂಘವನ್ನು ಊಹಿಸಿಕೊಳ್ಳಿರಿ. ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 7,200 ರೂಪಾಯಿ ಬರಬೇಕು. ಮೊದಲನೆಯ ವರ್ಷ ಉತ್ಸಾಹದಿಂದ ಎಲ್ಲರೂ ಕೊಟ್ಟರು. ವಾರ್ಷಿಕೋತ್ಸವದ ಮಂಟಪ, ಹಾರ, ಶಾಲುಗಳಿಗೆ ಎಲ್ಲವೂ ಹೋಯಿತು. ಎರಡನೆಯ ವರ್ಷ 3,000 ಕೂಡಿತು. ಮೂರನೆಯ ವರ್ಷ ಖಜಾಂಚಿಯನ್ನು ಕಂಡವರು ದಾರಿಯನ್ನೇ ಬದಲಿಸಿದರು. ಹತ್ತು ವರ್ಷದ ಒಟ್ಟು ಜಮಾ 10,200. ಇನ್ನೊಂದು ಸಂಘದಲ್ಲಿ ಮೊದಲಿನಿಂದಲೂ 40 ಮನೆಗಳೇ ಕೊಡುತ್ತವೆ, ವರ್ಷಕ್ಕೆ 4,800, ಖರ್ಚು 4,200, ಉಳಿತಾಯ 600. ಹತ್ತು ವರ್ಷದ ಜಮಾ 48,000, ಶಿಲ್ಕು 6,000. ಎರಡನೆಯ ಸಂಘವು ಯಾವ ವರ್ಷದಲ್ಲಿಯೂ ಮೊದಲನೆಯದರ ಆ ಒಂದು ವರ್ಷದಷ್ಟು ಹಣವನ್ನು ಕಂಡದ್ದಿಲ್ಲ. ಬೆಲೆಗಳು ಏರುವದರಿಂದ ಈ ಸಂಘವೂ ಮೂರು ವರ್ಷಕ್ಕೊಮ್ಮೆ ಸಭೆಯಲ್ಲಿ ಠರಾವು ಮಾಡಿ ವರ್ಗಣಿಯನ್ನು ಒಂದೆರಡು ರೂಪಾಯಿ ಹೆಚ್ಚಿಸಬೇಕು. ಹನ್ನೆರಡು ವರ್ಷ ಸುಮ್ಮನಿದ್ದು ಒಮ್ಮೆಲೆ ಇಮ್ಮಡಿ ಕೇಳಿದರೆ ಸದಸ್ಯರು ಕೊಡಲಾರರು.

ವರ್ಗಣಿಯನ್ನು ಯಾವಾಗ ಕೇಳಬೇಕು ಎಂಬುದರಲ್ಲಿ ನಮ್ಮ ಸೀಮೆಯ ಸಂಘಗಳು ಬಹಳ ಎಡವುತ್ತವೆ. ಶಾಲೆಯ ವರ್ಷವು ಜೂನದ ಹೊತ್ತಿಗೆ ಹುಟ್ಟುತ್ತದೆ. ಸರಕಾರದ ವರ್ಷವು ಎಪ್ರಿಲದಲ್ಲಿ. ರೈತನ ವರ್ಷವು ಬೇರೆಯೇ. ಜೂನದಲ್ಲಿ ಮಿರಗದ ಮಳೆಗೆ ಕಾದು ಕುಳಿತ ರೈತನು ಇದ್ದಬಿದ್ದ ದುಡ್ಡನ್ನು ಬೀಜಕ್ಕೂ ಗೊಬ್ಬರಕ್ಕೂ ಹಾಕಿರುತ್ತಾನೆ. ನಾವು ಅದೇ ತಿಂಗಳಲ್ಲಿ ಅವನ ಬಾಗಿಲಿಗೆ ಪಾವತಿ ಪುಸ್ತಕವನ್ನು ಹಿಡಿದುಕೊಂಡು ಹೋಗುತ್ತೇವೆ! ಹೆಸರು-ಉದ್ದುಗಳ ರಾಶಿಯಾಗುವದು ಆಗಸ್ಟ-ಸಪ್ಟಂಬರದಲ್ಲಿ, ಸೋಯಾ ಅವರೆಯು ಅಕ್ಟೋಬರದ ಹೊತ್ತಿಗೆ, ತೊಗರಿಯು ಡಿಸೆಂಬರ-ಜನವರಿಯಲ್ಲಿ, ಕಡಲೆಯು ಅದರ ಮೇಲೆ. ರಾಶಿಯಾದ ಮೇಲೆ ಕೇಳಿದ ವರ್ಗಣಿಯು ಬರುತ್ತದೆ, ಬಿತ್ತುವಾಗ ಕೇಳಿದ್ದು ಬಾಕಿಯಾಗುತ್ತದೆ, ಬಾಕಿಯು ನಾಚಿಕೆಯಾಗುತ್ತದೆ. ನಿಜಾಮರ ಕಾಲದವರು ವರ್ಷವನ್ನೇ ಬೆಳೆಯ ಹೆಸರಿನಿಂದ ಫಸಲಿ ಎಂದು ಕರೆದದ್ದರಲ್ಲಿ ಒಂದು ವಿವೇಕವಿತ್ತೆಂದು ನಮಗೆ ತೋರುತ್ತದೆ.

ಈ ನಾಚಿಕೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಅಕ್ಟೋಬರದಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು, ಸರಕಾರಿ ಶಾಲೆಗಳ ಪಾಲಕರಿಂದ ತಿಂಗಳಿಗೆ 100 ರೂಪಾಯಿಯನ್ನು ದೇಣಿಗೆಯಾಗಿ ಸಮಿತಿಗಳು ಪಡೆಯಬಹುದೆಂದು ಸುತ್ತೋಲೆಯನ್ನು ಹೊರಡಿಸಿತು. ಅದು ಸ್ವಯಿಚ್ಛೆಯದೆಂದು ಬರೆದಿದ್ದರೂ ಜನರಲ್ಲಿ ದೊಡ್ಡ ಕೋಲಾಹಲವೆದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ತಿಂಗಳಿಗೆ 100 ಎಂದರೆ ವರ್ಷಕ್ಕೆ 1,200. ಇಬ್ಬರು ಹೆಣ್ಣುಮಕ್ಕಳಿದ್ದರೆ 2,400. ಕಳೆ ತೆಗೆಯುವ ಕೂಲಿಯಿಂದ ಬದುಕುವ ತಾಯಿಗೆ ಇದು ಹಲವು ದಿನಗಳ ದುಡಿಮೆ. ಅವಳು ಮಗನಿಗೆ ಕೊಟ್ಟು ಮಗಳನ್ನು ಬಿಡಿಸುವಳೆಂದು ಊಹಿಸುವದಕ್ಕೆ ಹೆಚ್ಚಿನ ಬುದ್ಧಿಯು ಬೇಡ. ಶಿಕ್ಷಣ ಹಕ್ಕಿನ ಕಾಯಿದೆಯು ಸಹ ಇದನ್ನೇ ನೋಡಿ, ಮಗುವು ಪ್ರಾಥಮಿಕ ಶಿಕ್ಷಣವನ್ನು ಮುಗಿಸುವದಕ್ಕೆ ಅಡ್ಡಿಯಾಗುವ ಯಾವ ಶುಲ್ಕವನ್ನೂ ಅದರಿಂದ ಕೇಳಕೂಡದೆಂದು ವಿಧಿಸಿದೆ. ಶಾಲೆಗೆ ಸೇರಿಸಿಕೊಳ್ಳುವಾಗ ಗೊತ್ತಾದ ಶುಲ್ಕದ ಹೊರತು ದೇಣಿಗೆಯೆಂಬ ಹೆಸರಿನಿಂದ ಹಣ ತೆಗೆದುಕೊಳ್ಳುವದನ್ನೂ ನಿಷೇಧಿಸಿದೆ.

ಆದುದರಿಂದ ಪಾಲಕರ ಸಂಘವು ವರ್ಗಣಿಯನ್ನು ಪಡೆಯಬಾರದೆಂದು ನಮ್ಮ ಅಭಿಪ್ರಾಯವಲ್ಲ. ಕೊಡದವರ ಹೆಸರು ಮಕ್ಕಳ ಕಿವಿಗೆ ಬೀಳಬಾರದು, ಇಷ್ಟೇ. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಬಾಕಿಯವರ ಹೆಸರುಗಳನ್ನು ಓದುವ ಪದ್ಧತಿಯು ಎಲ್ಲಿಯಾದರೂ ಇದ್ದರೆ ಅದನ್ನು ಇಂದೇ ನಿಲ್ಲಿಸಬೇಕು. ಹೆಸರು ಓದಿಸಿಕೊಂಡ ಹುಡುಗಿಯು ಮರುದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾಳೆ. ವಾರದ ಮೇಲೆ ಪುಸ್ತಕದ ಚೀಲವು ತಂಗಿಗೆ ಹೋಗುತ್ತದೆ. ಮೇಲೆ ಹೇಳಿದ ನೂರರ ಗಡಿಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ: 100 ರೂಪಾಯಿಯ ಬಾಕಿಯನ್ನು ವಸೂಲುಮಾಡಹೋಗಿ ಸಂಘವು 25,000 ರೂಪಾಯಿಗಳನ್ನು ಕಳೆದುಕೊಳ್ಳಬಹುದು. ಹುಡುಗಿಯ ನಷ್ಟವನ್ನು ಯಾವ ಬಾಬಿನಲ್ಲಿಯೂ ಬರೆಯಲು ಬರುವಂತಿಲ್ಲ.

ಖರ್ಚಿನ ಕಡೆಯಲ್ಲಿ ಒಂದು ಭಾರವು ಇತ್ತೀಚೆಗೆ ಇಳಿದಿದೆ. ಸರಕಾರಿ ಶಾಲೆಗಳಿಗೆ ವಿದ್ಯುಚ್ಛಕ್ತಿಯೂ ನೀರೂ ಧರ್ಮಾರ್ಥವಾಗಿ ದೊರೆಯುವವೆಂದು 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸಾರಿದರು. ದೀಪದ ಬಿಲ್ಲಿಗೆ ಹೋಗುತ್ತಿದ್ದ ಹಣವು ಎಲ್ಲಿ ಉಳಿಯಿತೆಂದು ಸಮಿತಿಯ ತಾಯಂದಿರು ವಿಚಾರಿಸುವದು ಯೋಗ್ಯವಾಗಿದೆ.

ಕಡೆಯದಾಗಿ ಲೆಕ್ಕವನ್ನು ಓದಿ ಹೇಳುವ ವಿಷಯ. ಲೆಕ್ಕವನ್ನು ಪ್ರತಿವರ್ಷ ತಪಾಸಣೆ ಮಾಡಿಸುವದು ನಿಯಮವೇ ಆಗಿದೆ. ತಪಾಸಣೆಯ ಕಾಗದವು ಕಪಾಟಿನೊಳಗೆ ಸೇರಿದರೆ ಮಾತ್ರ ಸದಸ್ಯರಿಗೆ ಅದರಿಂದ ಬಂದದ್ದೇನೂ ಇಲ್ಲ. ನಮ್ಮ ಜಿಲ್ಲೆಯ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳನ್ನು ಆಡುವ ಮನೆಗಳಿವೆ. ಎಲ್ಲರಿಗೂ ತಿಳಿಯುವಂತೆ ಲೆಕ್ಕ ಹೇಳುವದು ಹೇಗೆಂದು ಶಿಕ್ಷಕರು ಚಿಂತಿಸುತ್ತಾರೆ. ಆ ಚಿಂತೆಗೆ ಕಾರಣವಿಲ್ಲ. ಜಮಾ, ಖರ್ಚು, ಬಾಕಿ ಎಂಬ ಮಾತುಗಳು ಈ ಮನೆಗಳಲ್ಲೆಲ್ಲ ಸ್ವಲ್ಪ ಉಚ್ಚಾರದ ಭೇದದಿಂದ ಒಂದೇ ಆಗಿವೆ; ಶಿಲ್ಕು ಎಂದರೆ ಮರಾಠಿಯವರು ಶಿಲ್ಲಕ ಎಂದು ತಿಳಿದುಕೊಳ್ಳುತ್ತಾರೆ. ಈ ನಾಲ್ಕು ಮಾತುಗಳನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು, ಹಿಂದಿನ ಐದು ವರ್ಷಗಳ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಇಟ್ಟು ಗಟ್ಟಿಯಾಗಿ ಓದಿದರೆ, ಅಕ್ಷರ ಬಾರದ ತಾಯಿಯೂ ಯಾವ ವರ್ಷ ಶಿಲ್ಕು ಕುಂದಿತೆಂದು ಕೇಳಬಲ್ಲಳು.

ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಮೂರು ವರ್ಷಗಳಿಗಾಗಿ ಬರೆಯಬೇಕೆಂದೂ, ಸರಕಾರದ ವರ್ಷವು ಮುಗಿಯುವದಕ್ಕೆ ಮೂರು ತಿಂಗಳು ಮೊದಲೇ ಅದು ಸಿದ್ಧವಾಗಬೇಕೆಂದೂ ಕೇಂದ್ರದ ಮಾದರಿ ನಿಯಮಗಳಲ್ಲಿ ಹೇಳಿದೆ. ಅಂದರೆ ಡಿಸೆಂಬರ ತಿಂಗಳೊಳಗೆ ಸಭೆಯು ಕೂಡಬೇಕು. ಆಗ ತೊಗರಿಯು ಕೊಯ್ಲಿಗೆ ಬಂದಿರುವದರಿಂದ ಹಗಲಿನಲ್ಲಿ ಸಭೆಯನ್ನು ಕರೆದರೆ ತಾಯಂದಿರು ಬರಲಾರರು. ದೀಪ ಹಚ್ಚಿದ ಮೇಲೆ ಕರೆಯುವದು ಒಳ್ಳೆಯದು.